ಕ್ಯಾಮೆರಾದ ಪಾಸ್‌ವರ್ಡಿಗೂ ದೇಶದ ಭದ್ರತೆಗೂ ಏನು ನಂಟು? ಓದುಗರ ಪ್ರಶ್ನೆ, ತಜ್ಞರ ಉತ್ತರ

ಭದ್ರತೆಯ ಬಗ್ಗೆ ಪ್ರಶ್ನೆ ಕಳಿಸಿ ಎಂದಿದ್ದಕ್ಕೆ ಬಂದ ಪತ್ರಗಳಲ್ಲಿ ಕ್ಷಿಪಣಿ, ಯುದ್ಧವಿಮಾನಗಳ ಮಾತು ಒಂದೂ ಇರಲಿಲ್ಲ. ಕ್ಯಾಮೆರಾ, ಪೆಟ್ರೋಲ್, ನೀರಿನ ಕ್ಯಾನು, ಬಾಡಿಗೆಗೆ ಕೇಳಿದ ಬ್ಯಾಂಕ್ ಖಾತೆ, ನಿಲ್ದಾಣದಲ್ಲಿ ಬಿದ್ದಿದ್ದ ಬ್ಯಾಗು, ಎಲ್ಲ ಕೈಗೆಟುಕುವ ಸಂಗತಿಗಳೇ. ಬರೆದವರು ಬೇರೆ ಬೇರೆ, ಒಳಗಿನ ಅನುಮಾನ ಮಾತ್ರ ಒಂದೇ: ನಮ್ಮಂಥವರ ಮನೆ ಯಾರ ಕಣ್ಣಿಗೆ ಬೀಳುತ್ತದೆ? ನಿಮ್ಮ ಮನೆ ಗುರಿಯಲ್ಲ, ನಿಜ. ಆದರೆ ಗುರಿಗೆ ಹೋಗುವ ದಾರಿ ಹಲವು ಸಲ ನಿಮ್ಮ ಹೊಸ್ತಿಲ ಮುಂದೆಯೇ ಹಾಯುತ್ತದೆ.

ಪ್ರಶ್ನೆ: ನಮ್ಮ ವಸತಿ ಸಮುಚ್ಚಯದಲ್ಲಿ 14 ಕ್ಯಾಮೆರಾಗಳಿವೆ. ‘ಇವು ದೇಶದ ಭದ್ರತೆಗೇ ಅಪಾಯ’ ಎಂದು ಒಬ್ಬರು ಸಭೆಯಲ್ಲಿ ದೊಡ್ಡ ಗಲಾಟೆ ಮಾಡಿದರು. ಗೇಟು, ಪಾರ್ಕಿಂಗ್ ತೋರಿಸುವ ಕ್ಯಾಮೆರಾದಿಂದ ಯಾವ ಶತ್ರುವಿಗೆ ಏನು ಲಾಭ? (ನಿವಾಸಿಗಳ ಸಂಘದ ಕಾರ್ಯದರ್ಶಿ)

ಉತ್ತರ: ಗಲಾಟೆ ಹೆಚ್ಚಾಯಿತೇನೋ, ಮಾತು ಸುಳ್ಳಲ್ಲ. 2024ರ ಜನವರಿ 2ರಂದು ಉಕ್ರೇನಿನ ಭದ್ರತಾ ಸೇವೆ ಕೀವ್ ನಗರದ ಎರಡು ಕ್ಯಾಮೆರಾಗಳನ್ನು ಬಂದ್ ಮಾಡಿಸಿತು. ಒಂದು ವಸತಿ ಕಟ್ಟಡದ ಬಾಲ್ಕನಿಯಲ್ಲಿತ್ತು, ಸುತ್ತಮುತ್ತ ಕಣ್ಣಿಡಲು ನಿವಾಸಿಗಳ ಸಂಘ ಬಳಸುತ್ತಿದ್ದದ್ದು. ಇನ್ನೊಂದು ಪಾರ್ಕಿಂಗ್ ಜಾಗದ್ದು. ರಷ್ಯಾದವರು ದೂರದಿಂದಲೇ ಅವುಗಳೊಳಗೆ ನುಗ್ಗಿ, ಕೋನ ತಿರುಗಿಸಿ, ವಾಯುರಕ್ಷಣೆ ಮತ್ತು ಮುಖ್ಯ ಸ್ಥಾವರಗಳ ಮೇಲೆ ಕಣ್ಣಿಟ್ಟಿದ್ದರು ಎಂದು ಸೇವೆ ಹೇಳಿತು. ಯುದ್ಧ ಶುರುವಾದಾಗಿನಿಂದ ಅಲ್ಲಿ ಇಂಥ ಸುಮಾರು 10,000 ಕ್ಯಾಮೆರಾಗಳನ್ನು ತಡೆಹಿಡಿಯಲಾಗಿತ್ತು.

ಯುದ್ಧವಿಲ್ಲದ ಊರಿನಲ್ಲೂ ಕ್ಯಾಮೆರಾ ದುಡಿಯುತ್ತದೆ, ಬೇರೆಯವರಿಗಾಗಿ. 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶ ಬಂತು. ಅದು ಅಂಥ ಜಾಣ ಕೆಲಸವನ್ನೇನೂ ಮಾಡುತ್ತಿರಲಿಲ್ಲ. ಕಂಪನಿಯಿಂದ ಬಂದಾಗಿನ ಅರವತ್ತು ಚಿಲ್ಲರೆ ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಇಟ್ಟುಕೊಂಡು ಒಂದೊಂದೇ ಬಾಗಿಲು ತಟ್ಟುತ್ತ ಹೋಗುತ್ತಿತ್ತು. ಹಾಗೆ ಸೇರಿಸಿಕೊಂಡ ಕ್ಯಾಮೆರಾ, ರೂಟರ್‌ಗಳೆಲ್ಲ ಒಟ್ಟಿಗೆ ಒಂದೇ ಕಡೆ ದತ್ತಾಂಶ ಸುರಿದದ್ದರಿಂದ ಅಕ್ಟೋಬರ್ 21ರಂದು ಅಂತರ್ಜಾಲ ತಾಣಗಳ ವಿಳಾಸ ಹುಡುಕಿಕೊಡುವ ಡೈನ್ ಕಂಪನಿಯ ಸೇವೆ ಕುಸಿದು, ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಗಂಟೆಗಟ್ಟಲೆ ಹಲವರಿಗೆ ಸಿಗಲಿಲ್ಲ. ಮಿರಾಯ್ ಬರೆದವರು ಮೂವರು ಹುಡುಗರು. ಹುಡುಗರಿಂದಲೇ ಇಷ್ಟಾದರೆ ಒಂದು ದೇಶದ ಗುಪ್ತಚರ ದಳ ಕುಳಿತು ಮಾಡಿದರೆ ಏನಾದೀತು, ಊಹಿಸಿಕೊಳ್ಳಿ.

ಈಗ ಮಾಡಬೇಕಾದ ಕೆಲಸ. ಮೊದಲು ಒಂದು ಹಾಳೆ ತೆಗೆದುಕೊಂಡು ಪ್ರತಿ ಕ್ಯಾಮೆರಾ, ರೆಕಾರ್ಡರ್, ರೂಟರ್‌ನ ಕಂಪನಿ, ಮಾದರಿ ಸಂಖ್ಯೆ, ಇರುವ ಜಾಗ, ಪಾಸ್‌ವರ್ಡ್ ಗೊತ್ತಿರುವವರ ಹೆಸರು ಬರೆಯಿರಿ. ಕೊನೆಯ ಕಾಲಂ ತುಂಬುವಾಗ ಸಾಮಾನ್ಯವಾಗಿ ಗೊತ್ತಾಗುವುದು ಇಷ್ಟು: ಕ್ಯಾಮೆರಾ ಕೂರಿಸಿ ಹೋದವನಿಗೆ ಎಲ್ಲವೂ ಗೊತ್ತು, ಸಂಘಕ್ಕೆ ಏನೂ ಗೊತ್ತಿಲ್ಲ.

ನಂತರ ಪಾಸ್‌ವರ್ಡ್ ಬದಲಿಸಿ. ಕನಿಷ್ಠ 14 ಅಕ್ಷರ, ರೆಕಾರ್ಡರ್‌ಗೆ ಒಂದು, ಕ್ಯಾಮೆರಾಗಳಿಗೆ ಇನ್ನೊಂದು. ಹೆಚ್ಚಿನವರು ಎಡವುವುದು ಇಲ್ಲೇ. ಎಲ್ಲ ಕ್ಯಾಮೆರಾಗಳದ್ದನ್ನೂ ಒಮ್ಮೆಲೇ ಬದಲಿಸುತ್ತಾರೆ, ಪರದೆ ಕಪ್ಪಾಗುತ್ತದೆ, ಗಾಬರಿಬಿದ್ದು ಹಳೆಯದಕ್ಕೇ ವಾಪಸಾಗುತ್ತಾರೆ. ಕಾರಣ ಸರಳ: ರೆಕಾರ್ಡರ್ ತನ್ನಲ್ಲಿರುವ ಹಳೆಯ ಪಾಸ್‌ವರ್ಡ್ ಹಿಡಿದುಕೊಂಡೇ ಕ್ಯಾಮೆರಾವನ್ನು ಕೇಳುತ್ತಿರುತ್ತದೆ. ಕೆಲವು ಕ್ಯಾಮೆರಾಗಳು ಐದಾರು ಸಲ ತಪ್ಪು ಪಾಸ್‌ವರ್ಡ್ ಬಂದರೆ ಸ್ವಲ್ಪ ಹೊತ್ತು ಬಾಗಿಲನ್ನೇ ಹಾಕಿಕೊಳ್ಳುತ್ತವೆ. ಒಂದು ಕ್ಯಾಮೆರಾ ಬದಲಿಸಿ, ರೆಕಾರ್ಡರ್‌ನಲ್ಲೂ ಅದನ್ನು ತಿದ್ದಿ, ಚಿತ್ರ ಬಂತೆಂದು ನೋಡಿಕೊಂಡು ಮುಂದಿನದಕ್ಕೆ ಹೋಗಿ. ಹದಿನಾಲ್ಕಕ್ಕೆ ಒಂದು ಮಧ್ಯಾಹ್ನ ಸಾಕು.

ಮೂರನೆಯದು ರೂಟರ್. ಅದರ ಸೆಟ್ಟಿಂಗ್‌ನಲ್ಲಿ ಯುಪಿಎನ್‌ಪಿ ಎಂಬುದನ್ನು ಆಫ್ ಮಾಡಿ. ಒಳಗಿನ ಸಾಧನಗಳು ನಿಮ್ಮನ್ನು ಕೇಳದೆ ಹೊರಗಿನ ಬಾಗಿಲು ತೆರೆಸಿಕೊಳ್ಳುವುದು ಅದರ ಮೂಲಕವೇ. ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಒಳಗಿನ ಸಾಧನಕ್ಕೆ ಬಿಟ್ಟ ದಾರಿಗಳ) ಪಟ್ಟಿಯಲ್ಲಿ 23, 80, 554, 8000 ಇಂಥ ಸಂಖ್ಯೆಗಳು ಕಂಡರೆ ಯಾಕೆಂದು ಕೇಳಿ, ಉತ್ತರ ಸಿಗದಿದ್ದರೆ ಅಳಿಸಿ. ಹೊರಗಿನಿಂದ ನೋಡಲೇಬೇಕಿದ್ದರೆ ವಿಪಿಎನ್ (ಬೇರೆಯವರು ಇಣುಕಲಾಗದ ಖಾಸಗಿ ಸಂಪರ್ಕ) ಇಟ್ಟುಕೊಳ್ಳಿ, ಇಲ್ಲವೇ ಎರಡು ಹಂತದ ದೃಢೀಕರಣವಿರುವ ಆ್ಯಪ್ ಬಳಸಿ. ರೂಟರಿನ ಗೆಸ್ಟ್ ನೆಟ್‌ವರ್ಕ್‌ಗೆ ಕ್ಯಾಮೆರಾಗಳನ್ನು ಹಾಕುವುದು ಒಳ್ಳೆಯದೇ, ಆದರೆ ಅದರಲ್ಲಿ ಸಾಮಾನ್ಯವಾಗಿ ಒಂದು ಸಾಧನ ಇನ್ನೊಂದನ್ನು ಕಾಣದಂತೆ ತಡೆ ಇರುತ್ತದೆ. ವೈಫೈ ಕ್ಯಾಮೆರಾ ರೆಕಾರ್ಡರ್‌ಗೆ ಸಿಗದೇ ಹೋದರೆ ಅದೇ ಕಾರಣ.

ಫರ್ಮ್‌ವೇರ್ (ಸಾಧನದೊಳಗಿನ ಮೂಲ ತಂತ್ರಾಂಶ) ಹೊಸದು ಹಾಕುವಾಗ ಮಾದರಿ ಸಂಖ್ಯೆಯ ಜೊತೆ ಹಾರ್ಡ್‌ವೇರ್ ಆವೃತ್ತಿಯೂ ಹೊಂದಬೇಕು, ನಡುವೆ ಕರೆಂಟ್ ಹೋಗಬಾರದು. ಯುಪಿಎಸ್ ಮೇಲಿಟ್ಟು ಮಾಡಿ. ‘ಆಫ್ ಮಾಡಿ ಆನ್ ಮಾಡಿದರೆ ವೈರಸ್ ಹೋಗುತ್ತದೆ’ ಎಂಬ ಮಾತು ಅರ್ಧ ಸತ್ಯ. ಮಿರಾಯ್ ಇದ್ದದ್ದು ತಾತ್ಕಾಲಿಕ ಮೆಮೊರಿಯಲ್ಲಿ, ಆಫ್ ಮಾಡಿದರೆ ಅಳಿಸಿಹೋಗುತ್ತಿತ್ತು. ಪಾಸ್‌ವರ್ಡ್ ಹಳೆಯದೇ ಇದ್ದರೆ ಕೆಲವೇ ನಿಮಿಷಗಳಲ್ಲಿ ಮತ್ತೆ ಬಂದು ಕೂರುತ್ತಿತ್ತು.

ಕೊನೆಗೊಂದು ಲೆಕ್ಕ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ (ಎಂಬಿಪಿಎಸ್) ದತ್ತಾಂಶ ಕಳಿಸುತ್ತದೆ ಎಂದರೆ 14 ಕ್ಯಾಮೆರಾಗಳಿಗೆ 28, ಅಂದರೆ ದಿನಕ್ಕೆ ಸುಮಾರು 300 ಜಿಬಿ. 4 ಟಿಬಿ ಡಿಸ್ಕ್ 13 ದಿನಕ್ಕೆ ತುಂಬಿ ಹಳೆಯದನ್ನು ಅಳಿಸಲು ಶುರುಮಾಡುತ್ತದೆ. ಘಟನೆಯಾಗಿ ಎರಡು ವಾರ ಕಳೆದ ಮೇಲೆ ತನಿಖೆಯವರು ಬಂದರೆ ಕೊಡಲು ಏನೂ ಇರುವುದಿಲ್ಲ. ರೆಕಾರ್ಡರ್‌ನ ಗಡಿಯಾರವನ್ನೂ ತಿಂಗಳಿಗೊಮ್ಮೆ ಫೋನಿನ ಜೊತೆ ತಾಳೆ ನೋಡಿ. ಹತ್ತು ನಿಮಿಷ ಹಿಂದಿರುವ ಗಡಿಯಾರ ತಪ್ಪು ಮನುಷ್ಯನನ್ನು ಠಾಣೆಗೆ ಕರೆಸುತ್ತದೆ.

ಪ್ರಶ್ನೆ: ಉದ್ವಿಗ್ನತೆಯ ಸುದ್ದಿ ಬಂದ ಸಂಜೆಯೇ ಪೆಟ್ರೋಲ್ ಬಂಕ್ ಮುಂದೆ ಸಾಲು. ನಾನೊಬ್ಬ ಟ್ಯಾಂಕ್ ತುಂಬಿಸಿಕೊಂಡರೆ ದೇಶಕ್ಕೆ ಏನು ನಷ್ಟ? (ಒಬ್ಬ ಓದುಗ)

ಉತ್ತರ: ನೀವೊಬ್ಬರೇ ಆದರೆ ಏನೂ ಇಲ್ಲ. ಒಂದು ಊರಿನಲ್ಲಿ 1,000 ಕಾರುಗಳಿವೆ ಎನ್ನಿ. ಟ್ಯಾಂಕ್ 40 ಲೀಟರಿನದು, 10 ಲೀಟರಿಗೆ ಇಳಿದಾಗ ಹತ್ತು ದಿನಕ್ಕೊಮ್ಮೆ 30 ಲೀಟರ್ ಹಾಕಿಸುತ್ತಾರೆ. ದಿನಕ್ಕೆ 100 ಕಾರು, 3,000 ಲೀಟರ್. ಯಾವುದೇ ದಿನ ನೋಡಿದರೂ ಒಂದೊಂದು ಟ್ಯಾಂಕಿನಲ್ಲಿ ಸರಾಸರಿ 15 ಲೀಟರಿನಷ್ಟು ಜಾಗ ಖಾಲಿ. ಎಲ್ಲರೂ ಅದೇ ಸಂಜೆ ಬಂದರೆ 15,000 ಲೀಟರ್ ಬೇಕು, ಅಂದರೆ ಐದು ದಿನದ ಮಾಲು. ಒಂದು ಲೀಟರ್ ಕೂಡ ಹೆಚ್ಚಿಗೆ ಉರಿದಿಲ್ಲ, ಬಂಕ್ ಮಾತ್ರ ಬರಿದು. ಆಂಬುಲೆನ್ಸ್ ಬಂದಾಗ ‘ಸ್ಟಾಕ್ ಇಲ್ಲ’ ಎಂಬ ಬೋರ್ಡು.

2021ರ ಮೇ 7ರಂದು ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಮೇಲೆ ಸೈಬರ್ ದಾಳಿ ನಡೆದಾಗ ಆದದ್ದು ಇದೇ. ಸುಮಾರು 8,850 ಕಿಲೋಮೀಟರಿನ ಕೊಳವೆ, ಪೂರ್ವ ಕರಾವಳಿಯ ಇಂಧನದಲ್ಲಿ ಸುಮಾರು ಶೇ 45 ಅದರಲ್ಲೇ ಹರಿಯುತ್ತಿತ್ತು. ಒಳನುಗ್ಗಿದವರಿಗೆ ದಾರಿಯಾದದ್ದು ಬಳಕೆಯಲ್ಲಿಲ್ಲದ ಒಂದು ಹಳೆಯ ವಿಪಿಎನ್ ಖಾತೆಯ ಪಾಸ್‌ವರ್ಡ್. ಎರಡನೆಯ ಹಂತದ ದೃಢೀಕರಣ ಅದಕ್ಕಿರಲಿಲ್ಲ. ಐದು ದಿನ ಕೊಳವೆ ನಿಂತಿತು. ಅಷ್ಟರಲ್ಲಿ ಜನ ಪ್ಲಾಸ್ಟಿಕ್ ಚೀಲಗಳಲ್ಲಿ ಪೆಟ್ರೋಲ್ ತುಂಬಿಕೊಳ್ಳಬೇಡಿ ಎಂದು ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗ ಬಹಿರಂಗವಾಗಿ ಬೇಡಿಕೊಳ್ಳಬೇಕಾಯಿತು. ದಾಳಿಕೋರರು ಬಿಲ್ಲಿಂಗ್ ಕಂಪ್ಯೂಟರುಗಳನ್ನು ಕೆಡಿಸಿದರು, ಬಂಕುಗಳನ್ನು ಬರಿದು ಮಾಡಿದ್ದರಲ್ಲಿ ದೊಡ್ಡ ಪಾಲು ಜನರದೇ.

ಸುದ್ದಿ ಬಂದ ದಿನ ಸಾಲಿನಲ್ಲಿ ನಿಲ್ಲುವುದಕ್ಕಿಂತ, ಯಾವ ಸುದ್ದಿಯೂ ಇಲ್ಲದ ದಿನಗಳಲ್ಲಿ ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳುವ ರೂಢಿ ಮಾಡಿಕೊಳ್ಳಿ.

ಪ್ರಶ್ನೆ: 72 ಗಂಟೆಗೆ ಆಗುವಷ್ಟು ಸಾಮಾನು ಇಟ್ಟುಕೊಳ್ಳಿ ಎನ್ನುತ್ತಾರೆ. ನಾಲ್ಕು ಜನರ ಮನೆಗೆ ನಿಖರವಾಗಿ ಏನೇನು, ಎಷ್ಟೆಷ್ಟು? (ಗೃಹಿಣಿ)

ಉತ್ತರ: 72 ಗಂಟೆ ಯಾಕೆ ಎಂಬುದನ್ನು ಮೊದಲು ಹೇಳಿಬಿಡುತ್ತೇವೆ. ದೊಡ್ಡ ಅವಘಡವಾದಾಗ ರಕ್ಷಣಾ ಸಿಬ್ಬಂದಿ ಮೊದಲು ಹೋಗುವುದು ಆಸ್ಪತ್ರೆ, ವೃದ್ಧಾಶ್ರಮ, ಕುಸಿದ ಕಟ್ಟಡಗಳ ಕಡೆಗೆ. ಗಟ್ಟಿಮುಟ್ಟಾಗಿರುವ ಕುಟುಂಬ ಮೂರು ದಿನ ತನ್ನ ಕಾಲ ಮೇಲೆ ನಿಂತರೆ ಅಷ್ಟರ ಮಟ್ಟಿಗೆ ಸಾಲು ಚಿಕ್ಕದಾಗುತ್ತದೆ. ಫಿನ್ಲೆಂಡ್ ಬಹುಕಾಲದಿಂದ ಹೇಳುತ್ತಿರುವುದೂ 2025ರ ಮಾರ್ಚ್‌ನಲ್ಲಿ ಐರೋಪ್ಯ ಒಕ್ಕೂಟ ಹೇಳಿದ್ದೂ ಇದೇ ಅವಧಿ. ಸ್ವೀಡನ್ 2018ರಲ್ಲಿ ಸುಮಾರು 48 ಲಕ್ಷ ಮನೆಗಳಿಗೆ ಈ ಬಗ್ಗೆ ಕಿರುಪುಸ್ತಿಕೆಯನ್ನೇ ಹಂಚಿತು. ಅಲ್ಲಿ ಈಗ ಒಂದು ವಾರದ ಲೆಕ್ಕ.

ನೀರು: ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ 3 ಲೀಟರ್. ನಾಲ್ವರಿಗೆ ಮೂರು ದಿನಕ್ಕೆ 36. ಒಂದೇ ದೊಡ್ಡ ಡ್ರಮ್ಮಿಗಿಂತ ಎತ್ತಲಾಗುವ 10 ಲೀಟರಿನ ನಾಲ್ಕು ಕ್ಯಾನು ಮೇಲು. ಒಂದು ಕೆಟ್ಟರೂ ಮೂರು ಉಳಿಯುತ್ತವೆ. ಆರು ತಿಂಗಳಿಗೊಮ್ಮೆ ನೀರು ಬದಲಿಸಿ. ಸಂಶಯದ ನೀರಾದರೆ ಬಟ್ಟೆಯಲ್ಲಿ ಸೋಸಿ, ಕುದಿ ಬಂದ ಮೇಲೆ ಪೂರ್ತಿ ಒಂದು ನಿಮಿಷ ಕುದಿಸಿ (2,000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ). ಉರಿಸಲು ಏನೂ ಇಲ್ಲವೆಂದರೆ ವಾಸನೆ, ಬಣ್ಣ ಸೇರಿಸದ ಬ್ಲೀಚ್ ದ್ರಾವಣ, ಶೇ 5ರಿಂದ 9ರ ಪ್ರಮಾಣದ್ದು, ಲೀಟರಿಗೆ 2 ಹನಿ. ಕದಡಿದ ನೀರಿಗೆ 4. ಕಲಕಿ 30 ನಿಮಿಷ ಬಿಡಿ. ಸಣ್ಣಗೆ ಕ್ಲೋರಿನ್ ವಾಸನೆ ಬರಬೇಕು, ಬರದಿದ್ದರೆ ಅಷ್ಟೇ ಹನಿ ಮತ್ತೊಮ್ಮೆ ಹಾಕಿ 15 ನಿಮಿಷ ಕಾಯಿರಿ. ಬಾಟಲಿ ಜೊತೆ ಡ್ರಾಪರ್ ಕಟ್ಟಿಡದಿದ್ದರೆ ಕತ್ತಲಲ್ಲಿ ಎರಡು ಹನಿ ಎಂಬುದು ಎರಡು ಮುಚ್ಚಳವಾಗುತ್ತದೆ.

ಆಹಾರದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬೇಯಿಸದೆ ತಿನ್ನಬಹುದಾದದ್ದು, ಮನೆಯವರು ಹೇಗೂ ತಿನ್ನುವಂಥದ್ದು. ತಿಂದು ಖಾಲಿಯಾದಂತೆ ಹೊಸದನ್ನು ಹಿಂದೆ, ಹಳೆಯದನ್ನು ಮುಂದೆ ಇಡಿ. ಕರೆಂಟ್ ಹೋದಾಗ ಬಾಗಿಲು ತೆರೆಯದ ಫ್ರಿಜ್ ಸುಮಾರು 4 ಗಂಟೆ ತಂಪು ಹಿಡಿದಿಡುತ್ತದೆ, ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24.

ಫೋನು: 10,000 ಎಂಎಎಚ್ ಪವರ್ ಬ್ಯಾಂಕ್ ಎಂದರೆ 5,000ದ ಫೋನು ಎರಡು ಸಲ ತುಂಬುತ್ತದೆ ಎಂದುಕೊಳ್ಳುತ್ತಾರೆ. ವೋಲ್ಟೇಜ್ ಏರಿಸುವಾಗ ಆಗುವ ನಷ್ಟ ಕಳೆದರೆ ಕೈಗೆ ಬರುವುದು 6,000 ಚಿಲ್ಲರೆ; ಒಂದು ಸಲ ಪೂರ್ತಿ, ಎರಡನೆಯ ಸಲ ಕಾಲುಭಾಗ. ಟವರುಗಳಿಗೂ ಬ್ಯಾಟರಿಯೇ ಗತಿ, ಅದು ಕೆಲವೇ ಗಂಟೆಗಳ ಮಾತು. ಆದ್ದರಿಂದ ಮೊದಲ ಗಂಟೆಯಲ್ಲೇ ಮನೆಯವರಿಗೆಲ್ಲ ಎಸ್ಸೆಮ್ಮೆಸ್ ಹಾಕಿಬಿಡಿ. ಕರೆ ಸಿಗದ ಗದ್ದಲದಲ್ಲೂ ಅದು ನುಸುಳುತ್ತದೆ. ಆಮೇಲೆ ಉಳಿಯುವುದು ಬ್ಯಾಟರಿ ರೇಡಿಯೊ. 2025ರ ಏಪ್ರಿಲ್ 28ರಂದು ಸ್ಪೇನ್, ಪೋರ್ಚುಗಲ್ ದೇಶಗಳ ಮುಖ್ಯ ಭೂಭಾಗದಲ್ಲೆಲ್ಲ ಕರೆಂಟ್ ಹೋದಾಗ ಜನ ಅಂಗಡಿಗಳಲ್ಲಿ ಹುಡುಕಿದ್ದು ಅದನ್ನೇ. (ಅದು ದಾಳಿಯಲ್ಲ, ಜಾಲದಲ್ಲಿ ವೋಲ್ಟೇಜ್ ಏರಿ ಸರಪಳಿಯಂತೆ ಸ್ಥಾವರಗಳು ಕಳಚಿಕೊಂಡದ್ದು. ಮನೆಯೊಳಗೆ ಕುಳಿತವರಿಗೆ ಎರಡೂ ಒಂದೇ.) ಕಾರ್ಡು, ಕ್ಯೂಆರ್ ಕೆಲಸ ಮಾಡವು, ಸಣ್ಣ ನೋಟುಗಳಿರಲಿ. ಟಾರ್ಚಿನ ಬ್ಯಾಟರಿಯನ್ನು ಹೊರಗೆ ತೆಗೆದು ಪಕ್ಕದಲ್ಲಿಡಿ, ಒಳಗಿದ್ದರೆ ಸೋರಿ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ.

ಔಷಧ ಒಂದು ವಾರದ್ದು ಹೆಚ್ಚಿಗೆ. ಇನ್ಸುಲಿನ್ ಬಗ್ಗೆ ಅನಗತ್ಯ ಭಯವಿದೆ. ಬಳಸುತ್ತಿರುವ ಬಾಟಲಿ ಅಥವಾ ಪೆನ್ ಹಲವು ಬಗೆಗಳಲ್ಲಿ ಫ್ರಿಜ್‌ನ ಹೊರಗೆ, ಬಿಸಿಲು ತಾಕದ ಕಡೆ 28 ದಿನ ತಡೆಯುತ್ತದೆ. ನಿಮ್ಮದಕ್ಕೆ ಎಷ್ಟು ದಿನ, ಎಷ್ಟು ಉಷ್ಣಾಂಶ ಎಂಬುದು ಡಬ್ಬಿಯೊಳಗಿನ ಚೀಟಿಯಲ್ಲಿರುತ್ತದೆ. ಈಗಲೇ ಓದಿಡಿ.

ಜನರೇಟರ್ ಇದ್ದವರಿಗೆ ಎರಡು ಮಾತು. ಕಿಟಕಿ ಬಾಗಿಲಿಂದ ಕನಿಷ್ಠ 6 ಮೀಟರ್ ದೂರ, ಬಯಲಲ್ಲೇ ಇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ಗೋಡೆಯ ಸಾಕೆಟ್‌ಗೆ ಎಂದೂ ಸಿಕ್ಕಿಸಬೇಡಿ. ಕರೆಂಟ್ ಹಿಮ್ಮುಖವಾಗಿ ಬೀದಿಯ ಲೈನಿಗೆ ಹೋಗಿ, ನಿಮಗಾಗಿಯೇ ಕಂಬ ಹತ್ತಿದವನ ಜೀವ ತೆಗೆಯುತ್ತದೆ.

ಪ್ರಶ್ನೆ: ನಮ್ಮದು ಚಿಕ್ಕ ಕ್ಲಿನಿಕ್, ಮೂರು ಕಂಪ್ಯೂಟರ್. ಅಪ್‌ಡೇಟ್ ಹಾಕಿದರೆ ಪ್ರಿಂಟರ್ ಕೈಕೊಡುತ್ತದೆಂದು ನಿಲ್ಲಿಸಿದ್ದೇವೆ. ತಪ್ಪೇ? (ಕ್ಲಿನಿಕ್ ವ್ಯವಸ್ಥಾಪಕಿ)

ಉತ್ತರ: ತಪ್ಪು. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ‘ವನ್ನಾಕ್ರೈ’ ಎಂಬ ಕುತಂತ್ರಾಂಶ ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದೇ ತೇಪೆ (ದೋಷ ಸರಿಪಡಿಸುವ ಅಪ್‌ಡೇಟ್) ಬಿಟ್ಟಿತ್ತು. ದಾಳಿ ನಡೆದದ್ದು ಮೇ 12ರಂದು. ನಡುವೆ 59 ದಿನ. ಆ ದಿನಗಳಲ್ಲಿ ತೇಪೆ ಹಾಕದ ಯಂತ್ರಗಳಿಂದಾಗಿ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ 19,000ಕ್ಕೂ ಹೆಚ್ಚು ರೋಗಿಗಳ ಭೇಟಿ ರದ್ದಾಗಿರಬಹುದೆಂದು ಅಂದಾಜು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು. ಅದೇ ವರ್ಷ ಜೂನ್ 27ರಂದು ಬಂದ ನಾಟ್‌ಪೆಟ್ಯಾ ಇನ್ನೂ ಕೆಟ್ಟದ್ದು: ಉಕ್ರೇನಿನ ಒಂದು ಲೆಕ್ಕಪತ್ರ ತಂತ್ರಾಂಶದ ಅಪ್‌ಡೇಟ್ ಒಳಗೇ ಅಡಗಿ ಬಂತು. ಗುರಿ ಆ ದೇಶ, ಪೆಟ್ಟು ಜಗತ್ತಿಗೆಲ್ಲ. ಹಡಗು ಕಂಪನಿ ಮರ್ಸ್ಕ್ 45,000 ಕಂಪ್ಯೂಟರ್, 4,000 ಸರ್ವರುಗಳನ್ನು ಹತ್ತು ದಿನದಲ್ಲಿ ಹೊಸದಾಗಿ ಕಟ್ಟಬೇಕಾಯಿತು. ಅದರ ಜಾಲದ ಕೀಲಿಕೈಯಂಥ ದಾಖಲೆಯ ಒಂದೇ ಒಂದು ಪ್ರತಿ ಉಳಿದದ್ದು ಘಾನಾದ ಕಚೇರಿಯಲ್ಲಿ, ಅದೂ ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿದ್ದರಿಂದ!

ಅದೃಷ್ಟದ ಕರೆಂಟ್ ಕಡಿತವನ್ನು ನೀವು ಉದ್ದೇಶಪೂರ್ವಕವಾಗಿಯೇ ಮಾಡಿಕೊಳ್ಳಿ. ದಾಖಲೆಯ ಪ್ರತಿಗಳು ಮೂರು, ಎರಡು ಬಗೆಯ ಮಾಧ್ಯಮದಲ್ಲಿ, ಒಂದು ಕಟ್ಟಡದ ಹೊರಗೆ. ಎರಡು ಹಾರ್ಡ್‌ಡಿಸ್ಕ್ ತೆಗೆದುಕೊಂಡು ‘ಸಮ’, ‘ಬೆಸ’ ಎಂದು ಚೀಟಿ ಅಂಟಿಸಿ. ಸಮ ವಾರ ಒಂದು, ಬೆಸ ವಾರ ಇನ್ನೊಂದು. ಪ್ರತಿ ಮಾಡಿದ ಕೂಡಲೇ ಕೇಬಲ್ ಕಿತ್ತು ಕಪಾಟಿಗೆ. ಸದಾ ಸಿಕ್ಕಿಸಿಯೇ ಇಟ್ಟ ಡಿಸ್ಕ್ ಕಂಪ್ಯೂಟರಿನ ಜೊತೆಗೇ ಲಾಕ್ ಆಗುತ್ತದೆ. ತಿಂಗಳಿಗೊಮ್ಮೆ ಹಳೆಯ ಒಂದು ಕಡತವನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಬ್ಯಾಕಪ್ ಇದೆ ಎಂಬ ನಂಬಿಕೆಯಲ್ಲಿ ಖಾಲಿ ಫೋಲ್ಡರನ್ನೇ ನಕಲು ಮಾಡುತ್ತಿರುವ ಕಚೇರಿಗಳು ಎಷ್ಟೋ ಇವೆ. ಪ್ರಿಂಟರ್ ಸಮಸ್ಯೆಗೆ ದಾರಿ: ಒಂದು ಕಂಪ್ಯೂಟರಿಗೆ ಮೊದಲು ಅಪ್‌ಡೇಟ್ ಹಾಕಿ, ಎರಡು ದಿನ ನೋಡಿ, ಪ್ರಿಂಟರಿನ ಹೊಸ ಡ್ರೈವರ್ ಹಾಕಿಕೊಂಡು ಉಳಿದೆರಡಕ್ಕೆ ಹೋಗಿ.

ಪ್ರಶ್ನೆ: ಮಗ ಸೇನೆಯಲ್ಲಿದ್ದಾನೆ. ಅವನ ಫೋಟೊ ಹಾಕಬೇಡಿ ಎನ್ನುತ್ತಾನೆ. ಮುಖ ತೋರಿಸಿದರೆ ಏನಾಗುತ್ತದೆ? (ಒಬ್ಬ ತಾಯಿ)

ಉತ್ತರ: ಅಮ್ಮ, ಮುಖಕ್ಕಿಂತ ಅದರ ಹಿಂದೆ ಕಾಣುವುದರ ಬಗ್ಗೆ ಅವನಿಗೆ ಚಿಂತೆ. ರೈಲು ನಿಲ್ದಾಣದ ಫಲಕ, ತೋಳಿನ ಲಾಂಛನ, ಬೆಟ್ಟದ ಸಾಲು, ‘ಇವತ್ತು ಹೊರಟ’ ಎಂಬ ಒಂದು ಸಾಲು. ಒಂದೊಂದೂ ಸಣ್ಣದು, ಐವತ್ತು ತಾಯಂದಿರ ಐವತ್ತು ಫೋಟೊ ಸೇರಿಸಿದರೆ ಯಾವ ದಳ ಯಾವಾಗ ಎಲ್ಲಿಗೆ ಹೋಯಿತೆಂದು ಗೊತ್ತಾಗುತ್ತದೆ. ಸ್ಟ್ರಾವಾ ಎಂಬ ವ್ಯಾಯಾಮದ ಆ್ಯಪ್ 2017ರ ನವೆಂಬರ್‌ನಲ್ಲಿ ಬಳಕೆದಾರರು ಓಡಿದ ದಾರಿಗಳ ಜಾಗತಿಕ ನಕ್ಷೆ ಪ್ರಕಟಿಸಿತು. ಹೆಸರು ಯಾರದೂ ಇರಲಿಲ್ಲ. ಆದರೂ 2018ರ ಜನವರಿಯಲ್ಲಿ ನೋಡಿದವರಿಗೆ, ಕತ್ತಲ ಮರುಭೂಮಿಯ ನಡುವೆ ಸೈನಿಕ ನೆಲೆಗಳ ಬೇಲಿಯಂಚು ಹೊಳೆಯುತ್ತಿತ್ತು. ಸೈನಿಕರು ದಿನಾ ಬೆಳಗ್ಗೆ ಅಲ್ಲಿ ಓಡುತ್ತಿದ್ದರು. ಅದೇ ವರ್ಷ ಆಗಸ್ಟ್‌ನಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಕಾರ್ಯಾಚರಣೆಯ ಜಾಗಗಳಲ್ಲಿ ಇಂಥ ಸೌಲಭ್ಯ ಬಳಸಬಾರದೆಂದಿತು.

ನಿಮ್ಮ ಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಸ್ಥಳ ದಾಖಲಿಸುವುದನ್ನು ಆಫ್ ಮಾಡಿ. ಆಗಲೇ ತೆಗೆದ ಚಿತ್ರಗಳ ಒಳಗೆ ಅದು ಉಳಿದೇ ಇರುತ್ತದೆ. ‘ಡಾಕ್ಯುಮೆಂಟ್’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಜೊತೆಗೇ ಹೋಗುತ್ತದೆ. ಅವನು ಊರಿಗೆ ಬಂದು ಹಿಂದಿರುಗಿದ ವಾರದ ಮೇಲೆ, ಮನೆಯೊಳಗೆ, ಸಾದಾ ಬಟ್ಟೆಯಲ್ಲಿ ತೆಗೆದ ಫೋಟೊಗಳನ್ನು ಆಪ್ತರಿಗೆ ತೋರಿಸಿ. ಸ್ಫೋಟ, ದಾಳಿ ನಡೆದ ಜಾಗದ ಚಿತ್ರಗಳಿಗೂ ಇದೇ ಮಾತು. ಗುರಿ ಎಷ್ಟು ತಪ್ಪಿತು ಎಂಬುದು ಹಾರಿಸಿದವನಿಗೆ ತಿಳಿಯುವುದು ಹಲವು ಸಲ ನೋಡಲು ಹೋದವರ ವಿಡಿಯೊದಿಂದಲೇ.

ಪ್ರಶ್ನೆ: ನಿಲ್ದಾಣದಲ್ಲಿ ವಾರಸುದಾರರಿಲ್ಲದ ಬ್ಯಾಗು ಕಂಡರೆ ಏನು ಮಾಡಬೇಕು? ಜೊತೆಗೆ, ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅಪರಿಚಿತರ ಫೋಟೊ ಹಾಕುತ್ತಾರೆ, ಇದು ಸರಿಯೇ? (ನಿವೃತ್ತ ನೌಕರ)

ಉತ್ತರ: ಮರೆತುಹೋದ ಬ್ಯಾಗುಗಳೇ ಬಹುಪಾಲು. ಮೂರು ಪ್ರಶ್ನೆ ಕೇಳಿಕೊಳ್ಳಿ. ಬೇಕೆಂದೇ ಬಚ್ಚಿಟ್ಟಂತಿದೆಯೇ? ತಂತಿ, ಬ್ಯಾಟರಿ, ಟೇಪು, ಸೋರುವ ದ್ರವ ಕಾಣುತ್ತಿದೆಯೇ? ಈ ಜಾಗದಲ್ಲಿ ಸಹಜವಾಗಿ ಇರುವ ವಸ್ತುವೇ? ಬೆಂಚಿನ ಮೇಲೆ ಎಲ್ಲರಿಗೂ ಕಾಣುವಂತಿರುವ ಶಾಲಾ ಚೀಲಕ್ಕೂ ಕಸದ ಡಬ್ಬಿಯ ಹಿಂದೆ ತುರುಕಿದ ಪೊಟ್ಟಣಕ್ಕೂ ವ್ಯತ್ಯಾಸವಿದೆ. ಮೊದಲು ಅಕ್ಕಪಕ್ಕ ‘ಇದು ಯಾರದು’ ಎಂದು ಗಟ್ಟಿಯಾಗಿ ಕೇಳಿ. ಅನುಮಾನ ಉಳಿದರೆ ಮುಟ್ಟಬೇಡಿ, ನೀರು ಸುರಿಯಬೇಡಿ, ಮೇಲೆ ಏನನ್ನೂ ಮುಚ್ಚಬೇಡಿ. 15 ಮೀಟರಿನ ಒಳಗೆ ಫೋನು, ವಾಕಿಟಾಕಿ ಬಳಸಬೇಡಿ. ಬ್ರಿಟನ್ನಿನ ಭದ್ರತಾ ಮಾರ್ಗದರ್ಶನದ ಅಳತೆ ನೆನಪಿಡಲು ಸುಲಭ: ಬೆನ್ನುಚೀಲದಷ್ಟು ಚಿಕ್ಕ ವಸ್ತುವಾದರೆ ಎಲ್ಲರನ್ನೂ 100 ಮೀಟರ್ ಆಚೆ ಕಳಿಸಿ, ಸೂಟ್‌ಕೇಸ್ ಅಥವಾ ಚಿಕ್ಕ ವಾಹನಕ್ಕೆ 200, ದೊಡ್ಡ ವಾಹನಕ್ಕೆ 400. ದೂರವಷ್ಟೇ ಸಾಲದು, ವಸ್ತು ಕಣ್ಣಿಗೆ ಕಾಣದಂತೆ ಗಟ್ಟಿ ಗೋಡೆಯ ಮರೆ ಇರಬೇಕು. ಗಾಜಿನ ಮುಂಭಾಗದ ಕಟ್ಟಡದ ಪಕ್ಕ ಜನರನ್ನು ಗುಂಪು ಸೇರಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಚೂರಾದ ಗಾಜೇ ಹೆಚ್ಚು ಗಾಯ ಮಾಡುತ್ತದೆ.

ಇನ್ನು ಗುಂಪಿನ ಫೋಟೊ. ಬೇಡವೇ ಬೇಡ. ನಿಜವಾಗಿ ಕೆಡುಕು ಎಣಿಸಿದವನಿಗೆ ಎಚ್ಚರಿಕೆ ಮುಟ್ಟುತ್ತದೆ, ಏನೂ ಅರಿಯದವನ ಮೇಲೆ ಜನ ಮುಗಿಬೀಳುತ್ತಾರೆ. ಗಮನಿಸಬೇಕಾದದ್ದು ಮನುಷ್ಯನ ಉಡುಗೆ, ಭಾಷೆಯನ್ನಲ್ಲ, ಅವನು ಮಾಡುತ್ತಿರುವುದನ್ನು. ಕಾವಲುಗಾರರ ಪಾಳಿ ಬದಲಾಗುವ ಹೊತ್ತನ್ನೇ ಮತ್ತೆ ಮತ್ತೆ ಚಿತ್ರಿಸುವುದು, ನೀರಿನ ಟ್ಯಾಂಕ್, ವಿದ್ಯುತ್ ಉಪಕೇಂದ್ರದ ಬೀಗ ಎಳೆದು ನೋಡುವುದು, ಸಂಬಂಧವಿಲ್ಲದವರು ಕ್ಯಾಮೆರಾ ಎಲ್ಲೆಲ್ಲಿದೆ ಎಂದು ವಿಚಾರಿಸುವುದು. ಕಂಡರೆ ಸಮಯ, ಜಾಗ, ಮಾಡಿದ ಕೆಲಸ, ವಾಹನ ಸಂಖ್ಯೆ, ಹೋದ ದಿಕ್ಕು, ಈ ಐದನ್ನು ಬರೆದುಕೊಂಡು ಪೊಲೀಸರಿಗೆ ತಿಳಿಸಿ. ‘ನೋಡಿದರೆ ಹಾಗೆ ಅನಿಸಿತು’ ಎಂಬುದು ದೂರಲ್ಲ.

ಪ್ರಶ್ನೆ: ‘ನಿನ್ನ ಖಾತೆ ಬಳಸಲು ಕೊಡು, ತಿಂಗಳಿಗಿಷ್ಟು ದುಡ್ಡು’ ಎಂದು ಪರಿಚಯದವನೊಬ್ಬ ಕೇಳುತ್ತಿದ್ದಾನೆ. ಗೆಳೆಯರು ಕೊಟ್ಟಿದ್ದಾರೆ. (ವಿದ್ಯಾರ್ಥಿ)

ಉತ್ತರ: ಅವನಿಗೆ ಬೇಕಿರುವುದು ನಿಮ್ಮ ಕಳಂಕವಿಲ್ಲದ ಹೆಸರು. ವಂಚನೆಯ, ಮಾದಕವಸ್ತುವಿನ, ಕೆಲವೊಮ್ಮೆ ಉಗ್ರ ಸಂಘಟನೆಗಳ ಹಣ ಇಂಥ ಖಾತೆಗಳ ಸರಣಿಯಲ್ಲಿ ನಿಮಿಷಗಳಲ್ಲಿ ಕೈ ಬದಲಿಸಿ ಜಾಡು ಕಳೆದುಕೊಳ್ಳುತ್ತದೆ. ಕೊನೆಗೆ ತನಿಖೆಯವರ ಕೈಗೆ ಸಿಗುವ ಒಂದೇ ನಿಜವಾದ ವಿಳಾಸ ನಿಮ್ಮದು. ನಿಮ್ಮ ಹೆಸರಿನಲ್ಲಿ ಸಿಮ್ ಕೇಳುವವರದೂ ಇದೇ ಲೆಕ್ಕ: ಹತ್ತಾರು ಸಿಮ್ ತುಂಬಿದ ಪೆಟ್ಟಿಗೆಯಲ್ಲಿ ಅದನ್ನಿಟ್ಟು ಹೊರದೇಶದ ಕರೆಯನ್ನು ಸ್ಥಳೀಯ ಸಂಖ್ಯೆಯಂತೆ ತೋರಿಸುತ್ತಾರೆ.

ಗೆಳೆಯರು ಮಾಡಬೇಕಾದದ್ದು ಇವತ್ತೇ: ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯುವುದು, ಪಾಸ್‌ವರ್ಡ್ ಮತ್ತು ನೋಂದಾಯಿತ ಮೊಬೈಲ್ ಸಂಖ್ಯೆ ಬದಲಿಸುವುದು, ಕಾರ್ಡ್ ಬ್ಲಾಕ್ ಮಾಡಿಸುವುದು. ಉಳಿದ ಹಣ ತೆಗೆಯಬಾರದು. ‘ತಪ್ಪಿ ಬಂದಿದೆ, ವಾಪಸ್ ಹಾಕು’ ಎಂದು ಯಾರಾದರೂ ಕೇಳಿದರೆ ತಾವೇ ಕಳಿಸಬಾರದು, ಬ್ಯಾಂಕ್ ಮೂಲಕವೇ ಆಗಲಿ. ಅವನ ಜೊತೆಗಿನ ಚಾಟ್ ಅಳಿಸಬಾರದು. ಮೋಸ ಹೋದದ್ದು ತಾವೇ ಎಂದು ತೋರಿಸಲು ಇರುವ ಸಾಕ್ಷಿ ಅದೊಂದೇ.

ಪ್ರಶ್ನೆ: ಮಾಲೀಕರು ಗಾಡಿಗೆ ಜಿಪಿಎಸ್ ಹಾಕಿದ್ದಾರೆ. ಲೈಟರ್ ಸಾಕೆಟ್‌ಗೆ ಸಿಕ್ಕಿಸಿ ಅದರ ಸಂಕೇತ ತಡೆಯುವ ಜ್ಯಾಮರ್ ಸಿಗುತ್ತದಂತೆ. ತೊಂದರೆಯಿದೆಯೇ? (ಚಾಲಕ)

ಉತ್ತರ: ಅಮೆರಿಕದ ನ್ಯೂವಾರ್ಕ್ ವಿಮಾನ ನಿಲ್ದಾಣದಲ್ಲಿ ವಿಮಾನ ಇಳಿಸಲು ನೆರವಾಗುವ ವ್ಯವಸ್ಥೆಗೆ ಅಡ್ಡಿಯಾಗುತ್ತಿತ್ತು. ಹುಡುಕಿದರೆ, ಮಾಲೀಕನ ಕಣ್ಣು ತಪ್ಪಿಸಲು ಒಬ್ಬ ಚಾಲಕ ತನ್ನ ಗಾಡಿಯಲ್ಲಿಟ್ಟಿದ್ದ ಇದೇ ಪುಟ್ಟ ಸಾಧನ. 2013ರಲ್ಲಿ ಅವನಿಗೆ 31,875 ಡಾಲರ್ ದಂಡ ಹಾಕುವುದಾಗಿ ನೋಟಿಸ್ ಬಂತು. ಉಪಗ್ರಹದಿಂದ ಬರುವ ಸಂಕೇತ ತೀರಾ ಕ್ಷೀಣ, ಸಣ್ಣ ಗದ್ದಲಕ್ಕೂ ಮುಳುಗುತ್ತದೆ. ಮೊಬೈಲ್ ಟವರು, ವಿದ್ಯುತ್ ಜಾಲ ತಮ್ಮ ಗಡಿಯಾರ ಹೊಂದಿಸಿಕೊಳ್ಳುವುದೂ ಅದರಿಂದಲೇ. ಮಾಲೀಕರ ಜೊತೆ ಮಾತಾಡಿ ಬಗೆಹರಿಸಿಕೊಳ್ಳಿ.

ಪ್ರಶ್ನೆ: ಇಂಟರ್ನೆಟ್ ನಿಧಾನವಾದಾಗಲೆಲ್ಲ ‘ಸಮುದ್ರದ ಕೇಬಲ್ ಕತ್ತರಿಸಿದರು’ ಎನ್ನುತ್ತಾರೆ. ನಿಜವೇ? (ಕಾಲೇಜು ಉಪನ್ಯಾಸಕ)

ಉತ್ತರ: ಕೇಬಲ್‌ಗಳು ಕಡಿಯುವುದು ನಿಜ, ವರ್ಷಕ್ಕೆ 150ರಿಂದ 200 ಸಲ. ಹೆಚ್ಚಿನವು ಮೀನುಗಾರಿಕೆ ಬಲೆ, ಲಂಗರಿನಿಂದ. ಹಲವು ಕೇಬಲ್ ಇರುವ ದೇಶದಲ್ಲಿ ಸಂಚಾರ ಬೇರೆ ದಾರಿ ಹಿಡಿಯುತ್ತದೆ, ಜನಕ್ಕೆ ಗೊತ್ತೇ ಆಗುವುದಿಲ್ಲ. ಹೊರಜಗತ್ತಿಗೆ ಒಂದೇ ಕೇಬಲ್ ಇದ್ದ ಟೊಂಗಾದಲ್ಲಿ 2022ರ ಜನವರಿಯ ಜ್ವಾಲಾಮುಖಿ ಅದನ್ನು ಹರಿದಾಗ ಸರಿಯಾಗಲು ಸುಮಾರು ಐದು ವಾರ ಬೇಕಾಯಿತು. ನಿಮ್ಮ ಬೀದಿಯ ಮಟ್ಟಿಗೆ ಹೇಳುವುದಾದರೆ, ಮೊದಲು ರಸ್ತೆ ಅಗೆದಿದ್ದಾರೆಯೇ ನೋಡಿ.

ಪ್ರಶ್ನೆ: ಫೋನಿನಲ್ಲಿ ದಾಳಿಯ ಎಚ್ಚರಿಕೆ ಮೊಳಗಿದರೆ ಮೊದಲು ನಂಬಬೇಕೋ, ಪರಿಶೀಲಿಸಬೇಕೋ? (ಶಿಕ್ಷಕಿ)

ಉತ್ತರ: ಅದು ಬಂದ ದಾರಿ ನೋಡಿ. ಸರ್ಕಾರದ ಸೆಲ್ ಬ್ರಾಡ್‌ಕಾಸ್ಟ್ (ಟವರಿನಿಂದ ನೇರವಾಗಿ ಸುತ್ತಲ ಫೋನುಗಳಿಗೆಲ್ಲ ಹೋಗುವ) ಎಚ್ಚರಿಕೆ ಯಾವ ಆ್ಯಪ್‌ನಿಂದಲೂ ಬರುವುದಿಲ್ಲ. ವಿಶಿಷ್ಟ ಸದ್ದು ಮಾಡಿ ಪರದೆಯ ಮೇಲೆ ತಾನೇ ಮೂಡುತ್ತದೆ, ಫಾರ್ವರ್ಡ್ ಗುರುತು ಇರುವುದಿಲ್ಲ, ಲಿಂಕ್ ಒತ್ತಿ ಓಟಿಪಿ ಕೊಡಿ ಎನ್ನುವುದಿಲ್ಲ. ಅದು ಬಂದರೆ ಮಕ್ಕಳನ್ನು ಕಿಟಕಿಯಿಂದ ದೂರ, ಕಟ್ಟಡದ ಒಳಭಾಗದ ಕೋಣೆಗೆ ಸೇರಿಸಿ, ಹಾಜರಿ ಪುಸ್ತಕ ಕೈಗೆತ್ತಿಕೊಳ್ಳಿ. ಪರಿಶೀಲನೆ ಅಲ್ಲಿ ಕುಳಿತ ಮೇಲೆ. ಅದೂ ತಪ್ಪಬಹುದು: 2018ರ ಜನವರಿ 13ರ ಬೆಳಗ್ಗೆ 8.07ಕ್ಕೆ ಹವಾಯಿಯಲ್ಲಿ ‘ಕ್ಷಿಪಣಿ ಬರುತ್ತಿದೆ’ ಎಂಬ ಎಚ್ಚರಿಕೆ ತಪ್ಪಾಗಿ ಹೋಗಿ, ಅದೇ ಮಾರ್ಗದಲ್ಲಿ ತಿದ್ದುಪಡಿ ಬರಲು 38 ನಿಮಿಷ ಹಿಡಿಯಿತು. ಅರ್ಧ ಗಂಟೆ ಸುಮ್ಮನೆ ಒಳಗೆ ಕುಳಿತರೆ ಒಂದು ಪಾಠ ತಪ್ಪೀತು, ಅಷ್ಟೇ.

ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದಾದರೆ ಕ್ರಮ ತಿರುವುಮುರುವು. ಇಲಿ ಹೋಯಿತೆಂದರೆ ಹುಲಿ ಹೋಯಿತೆನ್ನುವವರು ಅಲ್ಲಿ ಹೆಚ್ಚು. ದಿನಾಂಕವಿದೆಯೇ, ಯಾವ ಇಲಾಖೆ ಎಂದಿದೆಯೇ, ರೇಡಿಯೊದಲ್ಲೂ ಅದೇ ಬಂತೇ ನೋಡಿ. ಪೋಷಕರ ಗುಂಪಿನಲ್ಲಿ ಶಾಲೆಯ ಪರವಾಗಿ ಒಬ್ಬರೇ ಬರೆಯಬೇಕೆಂದು ಈಗಲೇ ಗೊತ್ತು ಮಾಡಿ. ಮಗುವನ್ನು ಕರೆದೊಯ್ಯಲು ಬರಬಹುದಾದ ಇಬ್ಬರ ಹೆಸರು, ಫೋನ್ ಸಂಖ್ಯೆಯನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಮುನ್ನೂರು ಪೋಷಕರು ಏಕಕಾಲಕ್ಕೆ ಗೇಟಿಗೆ ಬಂದಾಗ ಫೋನಿನೊಳಗಿನ ಪಟ್ಟಿ ತೆರೆಯುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ.